ಸೊಣ್ಣಮ್ಮನ ಅವರೆಕಾಯಿಗೆ ಅಡ್ಡ ನಿಂತ ಸಾರಿಗೆ ಕಚೇರಿಗೆ

ಮಾನ್ಯ ಸಾರಿಗೆ ಅಧಿಕಾರಿಗಳೇ,

ನಮ್ಮಜ್ಜಿ ಸೊಣ್ಣಮ್ಮ ಅವರೆಕಾಯಿ ಬಾಯಿಗಿಟ್ಟು ನಲವತ್ತು ವರ್ಷದ ಮೇಲಾಯಿತು. ಇಷ್ಟು ಕಾಲ ಅದಕ್ಕೆ ಕಾರಣ ನಮ್ಮ ತಾತನ ಅಂಬಾಸಡರ್ ಕಾರು. ಹೋದ ವರ್ಷದಿಂದ ಕಾರಣ ತಾವು. ಕಾರು ತನ್ನನ್ನು ತಿದ್ದಿಕೊಂಡಿದೆ, ತಾವು ತಿದ್ದಿಕೊಂಡಿಲ್ಲ. ಆದ್ದರಿಂದ ಈ ಪತ್ರವನ್ನು ತಮ್ಮ ಮೇಜಿಗೆ ಕಳಿಸದೆ ಹತ್ತು ಜನ ಓದುವ ಕಡೆ ಕಳಿಸುತ್ತಿದ್ದೇನೆ. ತಮ್ಮ ಮೇಜಿಗೆ ಹಿಂದೆಯೂ ಬರೆದಿದ್ದೆ. ಅದು ಪರಿಶೀಲನೆಯಲ್ಲಿದೆಯಂತೆ. ಪರಿಶೀಲನೆ ಎಂಬ ಊರು ಎಲ್ಲಿದೆಯೋ, ಅಲ್ಲಿಗೆ ಹೋದ ಕಾಗದ ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ.

ನಾನು ಅರ್ಪಿತ, ಜರಗನಹಳ್ಳಿಯವಳು. ಜೆ.ಪಿ. ನಗರದವಳು ಎಂದು ಹೇಳಿಕೊಂಡರೆ ಅಜ್ಜಿಗೆ ಸಿಟ್ಟು ಬರುತ್ತದೆ, ಜೆ.ಪಿ. ನಗರವೇ ನಮ್ಮ ಹೊಲದ ಮೇಲೆ ಬಂದು ಕೂತದ್ದು, ನಾವು ಅದರ ಮೇಲೆ ಹೋಗಿ ಕೂತವರಲ್ಲ ಎನ್ನುತ್ತಾಳೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಒಂದು ಕಾರ್ಖಾನೆಯಲ್ಲಿ ನೀರೆತ್ತುವ ಪಂಪುಗಳ ನಕ್ಷೆ ಬರೆದು ಸಂಬಳ ತಗೊಳ್ಳುತ್ತೇನೆ. ಮಿಕ್ಕ ಹೊತ್ತಿನಲ್ಲಿ, ಮನೆಯ ಹಿಂದಿನ ದನದ ಕೊಟ್ಟಿಗೆಯಲ್ಲಿ, ತಾತನ ಅಂಬಾಸಡರಿನಿಂದ ಹಳೆಯ ಎಂಜಿನ್ ಇಳಿಸಿ ಸೂಪರ್‌ಚಾರ್ಜರ್ ಇರುವ ಹೊಸ ಕಾಲದ ಎಂಜಿನ್ ಕೂರಿಸಿದ್ದೇನೆ. ಕದ್ದು ಮುಚ್ಚಿ ಅಲ್ಲ. ಹಳೆಯದನ್ನು ಬಿಚ್ಚುವ ಮೊದಲೇ ತಮ್ಮ ಅನುಮತಿ ಕೇಳಿದೆ. ಬಿಚ್ಚಿ, ಹೊಸದನ್ನು ಕೂರಿಸಿ, ತಪಾಸಣೆಗೆ ತನ್ನಿ ಎಂದು ತಮ್ಮ ಕಚೇರಿಯೇ ಬರೆದು ಕೊಟ್ಟಿತು. ತಂದೆವು. ಆಮೇಲೆ ಅದೇ ಕಚೇರಿ, ಈ ಕಾರು ರಸ್ತೆಗೆ ಇಳಿಯಕೂಡದು ಎಂದಿತು. ನನ್ನ ದೂರು ಇಷ್ಟೇ. ಇದರಲ್ಲಿ ಅವರೆಕಾಯಿ ಎಲ್ಲಿಂದ ಬಂತು ಎಂದು ತಾವು ಕೇಳುವಿರಿ. ಕೇಳಿ.

ನಮ್ಮ ತಾತ ಬೋರಣ್ಣ, ಜಯನಗರದ ಡಾಕ್ಟರೊಬ್ಬರು ಓಡಿಸಿ ಸಾಕಾಗಿ ಮಾರಿದ ಈ ಕಾರನ್ನು ಕೊಂಡಾಗ ಊರಿನಲ್ಲಿ ಮಿಕ್ಕವರಿಗೆಲ್ಲ ಎತ್ತಿನ ಗಾಡಿಯೇ ಗತಿ. ಕೊಂಡ ಹೊಸತರಲ್ಲಿ, ಅಪ್ಪನ ತಂಗಿ, ಅಂದರೆ ನಮ್ಮತ್ತೆ, ಇನ್ನೂ ಕೈಕೂಸಾಗಿದ್ದಾಗ, ಆಕೆಯ ಮುಡಿ ತೆಗೆಸಲು ಕನಕಪುರದ ಆಚೆ ಇರುವ ನಮ್ಮ ಮನೆದೇವರು ತಿಮ್ಮರಾಯಸ್ವಾಮಿಯ ಬೆಟ್ಟಕ್ಕೆ ಹೊರಟರು. ಕಾರಿನೊಳಗೆ ಎಷ್ಟು ಜನ ಇದ್ದರು ಎಂದು ಹೇಳುವುದಿಲ್ಲ. ಆಗಿನ ತಪ್ಪಿಗೆ ಈಗ ದಂಡ ಹಾಕುವ ಉತ್ಸಾಹ ತಮಗೆ ಇದ್ದರೂ ಇದ್ದೀತು. ಬೆಟ್ಟದ ಅರ್ಧದಲ್ಲಿ ಒಂದು ಕಡಿದಾದ ತಿರುವಿದೆ. ಕಾರು ಅಲ್ಲಿಗೆ ಬಂದು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಎಲ್ಲರೂ ಇಳಿದರು. ಅಜ್ಜಿ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೂಸನ್ನು ಕಂಕುಳಿಗೆ ಇರುಕಿಕೊಂಡು, ಇನ್ನೊಂದು ಕೈಯಲ್ಲಿ ಡಿಕ್ಕಿ ತಳ್ಳತೊಡಗಿದಳು. ಅದೇ ಹೊತ್ತಿಗೆ ಹಿಂದಿನ ದಿನವೇ ಗಾಡಿ ಕಟ್ಟಿ ಹೊರಟಿದ್ದ ಅವಳ ಓರಗಿತ್ತಿ ಯಲ್ಲಮ್ಮ, ಎತ್ತಿನ ಗಾಡಿಯ ಮೇಲೆ ಕಾಲು ಇಳಿಬಿಟ್ಟು ಕೂತು, ಪಕ್ಕದಲ್ಲೇ ಹಾದುಹೋದಳು. ಹೋಗುವಾಗ, "ಅಕ್ಕಾ, ನಮ್ಮೆತ್ತು ಬಿಚ್ಕೊಡ್ಲಾ?" ಎಂದು ಕೇಳಿದಳು.

ಅಷ್ಟೇ ಕೇಳಿದ್ದು. ತಾವು ಓರಗಿತ್ತಿಯರಿರುವ ಮನೆಯಲ್ಲಿ ಬೆಳೆದವರಾದರೆ ಅಷ್ಟು ಸಾಕು ಎಂಬುದು ತಮಗೆ ತಿಳಿದಿರುತ್ತದೆ. ಅಜ್ಜಿ ಬೆಟ್ಟ ಹತ್ತಿ, ದೇವರ ಮುಂದೆ ನಿಂತು, ಊರವರೆಲ್ಲ ಕೇಳುವ ಹಾಗೆ ಹರಕೆ ಹೊತ್ತಳು: "ಮನೆಮಂದಿಯೆಲ್ಲಾ ಕೂತ್ಕಂಡು, ಒಬ್ಬರೂ ಇಳೀದಂಗೆ, ಈ ಕಾರೇ ಈ ಬೆಟ್ಟ ಹತ್ತೋಗಂಟ ನಾನು ಅವರೆಕಾಯಿ ಬಾಯಿಗಿಕ್ಕಕ್ಕಿಲ್ಲ." ತಾತ ಗಾಬರಿಯಾಗಿ, ಬೇಕಾದರೆ ಹಾಗಲಕಾಯಿ ಬಿಡು ಎಂದು ಕಿವಿಯಲ್ಲಿ ಹೇಳಿದನಂತೆ. ಇಷ್ಟವಿಲ್ಲದ್ದನ್ನು ಬಿಟ್ಟರೆ ದೇವರಿಗೆ ಏನು ಲಾಭ ಎಂದಳಂತೆ ಅಜ್ಜಿ.

ಮಾನ್ಯರೇ, ತಾವು ಯಾವ ಸೀಮೆಯವರೋ ತಿಳಿಯದು. ನಮ್ಮ ಸೀಮೆಯಲ್ಲಿ ಅವರೆಕಾಯಿ ಬಿಡುವುದು ಎಂದರೆ ಹುಡುಗಾಟವಲ್ಲ. ಚಳಿ ಶುರುವಾಗಿ ಬನಶಂಕರಿ ಮಾರುಕಟ್ಟೆಯಲ್ಲಿ ಸೊಗಡಿನ ಅವರೆ ರಾಶಿ ಬಿದ್ದರೆ ಸಂಕ್ರಾಂತಿ ದಾಟುವ ತನಕ ನಮ್ಮ ಮನೆಯಲ್ಲಿ ಬೇರೆ ಅಡುಗೆಯೇ ಇಲ್ಲ. ಬೆಳಗ್ಗೆ ಅವರೆಕಾಳು ಉಪ್ಪಿಟ್ಟು, ಇಲ್ಲದಿದ್ದರೆ ಅವರೆಕಾಳು ಹಾಕಿದ ಅಕ್ಕಿರೊಟ್ಟಿ. ಮಧ್ಯಾಹ್ನ ಹಿತಕಿದ ಬೇಳೆ ಸಾರಿಗೆ ಮುದ್ದೆ. ಇಷ್ಟನ್ನೂ ಸುಲಿದು, ನೆನೆಸಿ, ಒಂದೊಂದೇ ಕಾಳು ಹಿತಕಿ, ಮಸಾಲೆ ರುಬ್ಬಿಸಿ ಮಾಡಿಸುವವಳು ಅಜ್ಜಿಯೇ. ಉಪ್ಪು ನೋಡಲು ಮಾತ್ರ ನಮ್ಮಮ್ಮನನ್ನು ಕರೆಯುತ್ತಾಳೆ. ನಾವೆಲ್ಲ ಸುರಿದುಕೊಂಡು ಉಣ್ಣುವಾಗ ಅವಳು ಪಕ್ಕದಲ್ಲಿ ಕೂತು ಮಜ್ಜಿಗೆಯಲ್ಲಿ ಮುದ್ದೆ ಕಲಸಿಕೊಳ್ಳುತ್ತಾಳೆ. ಚಿಕ್ಕವಳಿದ್ದಾಗ ನಾನು ಅಜ್ಜಿಗೆ ಅವರೆಕಾಯಿ ಸೇರುವುದಿಲ್ಲ ಎಂದುಕೊಂಡಿದ್ದೆ. ಹರಕೆಯ ಕಥೆ ತಿಳಿದ ದಿನ ನಾನೂ ಅವಳ ಪಕ್ಕ ಕೂತು ಮಜ್ಜಿಗೆಯಲ್ಲೇ ಮುದ್ದೆ ಕಲಸಿಕೊಂಡೆ.

ತಾತ ಇದ್ದಷ್ಟು ಕಾಲ ಪ್ರಯತ್ನ ನಡೆದೇ ಇತ್ತು. ಎಂಜಿನ್ ಬಿಚ್ಚಿಸಿದ, ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿದ, ಸೀಟಿನ ಹಿಂದೆ ನಿಂಬೆಹಣ್ಣು ಕಟ್ಟಿಸಿದ. ಪ್ರತಿ ಸಲವೂ ಕಾರು ಅದೇ ತಿರುವಿಗೆ ಬಂದು ನಿಂತಿತು, ಮನೆಮಂದಿ ಇಳಿದು ತಳ್ಳಿದರು. ತಾತ ಹೋದ ಮೇಲೆ ಕಾರು ಕೊಟ್ಟಿಗೆ ಸೇರಿತು. ಈಗ ಮನೆಯಲ್ಲಿ ನಾವು ಐದೇ ಜನ: ಅಜ್ಜಿ, ಅಪ್ಪ, ಅಮ್ಮ, ನನ್ನ ತಮ್ಮ ಲಿಖಿತ್, ನಾನು. ತಮ್ಮ ನಿಯಮದ ಪ್ರಕಾರವೇ ಕೂತು ಹತ್ತಬಹುದು. ಅಜ್ಜಿಗೆ ಎಂಬತ್ತು ದಾಟಿತು. ಮಂಡಿ ಹೋಗಿದೆ, ಕಣ್ಣು ಮಂಜಾಗಿದೆ, ಮೂಗು ಮಾತ್ರ ಚೆನ್ನಾಗಿದೆ. ಬೀದಿಯ ಕೊನೆಯಲ್ಲಿ ತಳ್ಳುಗಾಡಿಗೆ ಅವರೆ ಬಂದರೆ ಒಳಗಿನಿಂದಲೇ ಹೇಳುತ್ತಾಳೆ. ಇನ್ನೆಷ್ಟು ಚಳಿಗಾಲ ಕಾಯುವುದು ಎಂದು ನಾನೇ ಕೈ ಹಾಕಿದೆ.

ಸೂಪರ್‌ಚಾರ್ಜರ್ ಯಾಕೆ ಬೇಕಿತ್ತು, ಸಾಧಾರಣ ಎಂಜಿನ್ ಸಾಲದೇ ಎಂದು ತಮ್ಮ ಇನ್ಸ್‌ಪೆಕ್ಟರ್ ಕೇಳಿದರು. ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ಮಾತ್ರ ಅವರು ನಿಲ್ಲಲಿಲ್ಲ, ಊಟಕ್ಕೆ ಹೋದರು. ಆದ್ದರಿಂದ ಇಲ್ಲಿ ಹೇಳುತ್ತೇನೆ. ಆ ತಿರುವಿನಲ್ಲಿ ಕಾರು ನಿಂತೇ ಹೋಗುವಷ್ಟು ನಿಧಾನವಾಗಿ, ಮೊದಲ ಗೇರಿನಲ್ಲಿ ತಿರುಗಬೇಕು. ಎಂಜಿನ್ ಇನ್ನೂ ವೇಗ ಹಿಡಿಯದ ಆ ಗಳಿಗೆಯಲ್ಲೇ ಅದಕ್ಕೆ ಪೂರ್ತಿ ಕಸುವು ಬೇಕು. ಸೂಪರ್‌ಚಾರ್ಜರ್ ಎಂಜಿನ್ನಿನಿಂದಲೇ ಬೆಲ್ಟಿನಲ್ಲಿ ತಿರುಗುತ್ತ, ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಆಕ್ಸಿಲರೇಟರಿಗೆ ಕಾಲು ಇಟ್ಟ ತಕ್ಷಣ ಕಸುವು ಬರುತ್ತದೆ. ಅಜ್ಜಿಗೆ ಹೇಳಿದಾಗ, ಕುಲುಮೆಗೆ ತಿದಿ ಒತ್ತಿದ ಹಾಗೆ ಎಂದಳು. ಹೌದು ಎಂದೆ. ಇದು ಅಪಘಾತದಲ್ಲಿ ಜಜ್ಜಿಹೋದ ಒಂದು ವಿದೇಶಿ ಕಾರಿನ ಎಂಜಿನ್. ಬಿಲ್ಲು, ಮೂಲ ದಾಖಲೆ, ಆ ಕಾರಿನ ನೋಂದಣಿ ರದ್ದಾದ ಕಾಗದ, ಎಲ್ಲವನ್ನೂ ತಮಗೆ ಕೊಟ್ಟಿದ್ದೇನೆ. ನಿಜ ಹೇಳಬೇಕೆಂದರೆ, ಸ್ವಲ್ಪ ಜಂಬವೂ ಇತ್ತು. ಎತ್ತು ಬಿಚ್ಚಿ ಕೊಡಲಾ ಎಂದ ಮನೆಯವರ ಮುಂದೆ ಸುಮ್ಮನೆ ಹತ್ತಿದರೆ ಸಾಲದು, ಸದ್ದು ಮಾಡಿ ಹತ್ತಬೇಕು ಎನಿಸಿತ್ತು.

ಅಜ್ಜಿ ಒಂದೇ ಷರತ್ತು ಹಾಕಿದಳು. ಹೊರಗಿನಿಂದ ಕಾರು ಹೇಗಿತ್ತೋ ಹಾಗೇ ಇರಬೇಕು, ದೇವರಿಗೆ ಗುರುತು ಸಿಗಬೇಕಲ್ಲ. ಬಾನೆಟ್ ಕೊಯ್ದು ಸೂಪರ್‌ಚಾರ್ಜರನ್ನು ಮೇಲಕ್ಕೆ ಬಿಡುವುದು ಸುಲಭದ ದಾರಿ. ಆ ದಾರಿ ಮುಚ್ಚಿತು. ಹಾಗಾಗಿ ಎಂಜಿನ್ನನ್ನೇ ಕೆಳಗೆ ಇಳಿಸಬೇಕಾಯಿತು. ಇಳಿಸಿದರೆ ಅದರ ತಳದ ಎಣ್ಣೆ ತೊಟ್ಟಿ ಸ್ಟಿಯರಿಂಗ್ ಸರಳಿಗೆ ತಾಗುತ್ತಿತ್ತು. ತೊಟ್ಟಿ ಕತ್ತರಿಸಿ ಬೇರೆ ಆಕಾರಕ್ಕೆ ಬೆಸುಗೆ ಹಾಕಿದೆ. ಕೊಟ್ಟಿಗೆಯ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಎಂಜಿನ್ ಇಳಿಸುವುದು, ಅಳೆಯುವುದು, ಮತ್ತೆ ಎತ್ತುವುದು, ಭಾನುವಾರಗಳೆಲ್ಲ ಇದೇ ಆಯಿತು. ಓಡುವ ಶಕ್ತಿ ಹೆಚ್ಚಿಸಿದವಳು ನಿಲ್ಲುವ ಶಕ್ತಿಯನ್ನೂ ಹೆಚ್ಚಿಸಬೇಕು ಎಂಬ ಬುದ್ಧಿ ನನಗಿದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿದೆ, ರೇಡಿಯೇಟರ್ ದೊಡ್ಡದು ಮಾಡಿದೆ. ಹೊಗೆ ಪರೀಕ್ಷೆಯ ಯಂತ್ರವನ್ನು ಮನೆಗೇ ತರಿಸಿ ನೋಡಿದೆ. ಹಳೆಯ ಎಂಜಿನ್ ಉಗುಳುತ್ತಿದ್ದ ಹೊಗೆಯಲ್ಲಿ ಕಾಲು ಭಾಗವೂ ಇಲ್ಲ. ಮೊದಲ ಸಲ ಚಾಲೂ ಮಾಡಿದಾಗ ಸುತ್ತಲಿನ ಬಾಡಿಗೆ ಮನೆಗಳವರೆಲ್ಲ ಬಾಲ್ಕನಿಗೆ ಬಂದರು. ಅಜ್ಜಿ ಬಾನೆಟ್ ಮೇಲೆ ಅಂಗೈ ಇಟ್ಟು ನಿಂತಿದ್ದಳು. ಅಳುತ್ತಿದ್ದಳು.

ಈಗ ತಪಾಸಣೆಯ ದಿನಕ್ಕೆ ಬರೋಣ. ಅನುಮತಿ ಸಿಗುವ ತನಕ ರಸ್ತೆಯಲ್ಲಿ ಓಡಿಸಬಾರದು ಎಂದಿದ್ದಿರಿ. ಒಪ್ಪಿ, ಟೋಯಿಂಗ್ ಲಾರಿಯ ಮೇಲೆ ಹೇರಿಕೊಂಡು ತಮ್ಮ ಅಂಗಳಕ್ಕೆ ತಂದೆವು. ಹೊರಡುವ ಮುಂಚೆ ನಮ್ಮಮ್ಮ ಅನ್ನಪೂರ್ಣ ಕಾರಿಗೆ ಪೂಜೆ ಮಾಡಿದಳು. ಮಾಡದೆ ಇರುತ್ತಾರೆಯೇ? ಬೂದುಗುಂಬಳ ಒಡೆದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬಾನೆಟ್ ಎತ್ತಿಸಿ ಹೊಸ ಎಂಜಿನ್ನಿಗೆ ಧಾರಾಳವಾಗಿ ಅರಿಶಿನ ಬಳಿದು ಕುಂಕುಮ ಇಟ್ಟಳು. ಇಡಲು ಚಪ್ಪಟೆಯಾದ ಜಾಗ ಹುಡುಕಿದ್ದಾಳೆ. ಎಂಜಿನ್ನಿನಲ್ಲಿ ಅಂಥ ಚಪ್ಪಟೆ ಜಾಗ ಇದ್ದದ್ದು ಒಂದೇ. ಎಂಜಿನ್ ಸಂಖ್ಯೆ ಕೊರೆದದ್ದೂ ಅಲ್ಲೇ.

ತಮ್ಮ ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. ಸಂಖ್ಯೆ ಕಾಣಲಿಲ್ಲ. ಒರೆಸಿ ಎಂದರು. ಪೂಜೆ ಮಾಡಿದ್ದನ್ನು ಅದೇ ದಿನ ಒರೆಸಬಾರದು, ಅಪಶಕುನ ಎಂದಳು ಅಮ್ಮ. ಹಾಗಾದರೆ ತಾವೇ ಒರೆಸಿಕೊಳ್ಳಿ ಸಾರ್ ಎಂದು ನಾನು ಬಟ್ಟೆ ಕೊಟ್ಟೆ. ಅವರು ಬಟ್ಟೆ ಹಿಡಿದು ಸ್ವಲ್ಪ ಹೊತ್ತು ಕುಂಕುಮ ನೋಡಿದರು. ಆಮೇಲೆ ಅದೇ ಕುಂಕುಮಕ್ಕೆ ಬೆರಳು ಮುಟ್ಟಿಸಿ ಹಣೆಗಿಟ್ಟುಕೊಂಡು, ಬಟ್ಟೆ ನನಗೆ ವಾಪಸು ಕೊಟ್ಟರು. ಅವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ. ಅದನ್ನು ಅಲ್ಲಿಗೇ ಬಿಟ್ಟು ನಾಳೆ ಬನ್ನಿ ಎಂದಿದ್ದರೆ ನಾಳೆ ಬರುತ್ತಿದ್ದೆವು. ಅವರು ವರದಿಯಲ್ಲಿ, ಎಂಜಿನ್ ಸಂಖ್ಯೆ ಓದಲಾಗುತ್ತಿಲ್ಲ ಎಂದು ಬರೆದರು. ಮುಂದಿನ ಮೇಜಿನವರು, ಸಂಖ್ಯೆ ಅಳಿಸಿರುವ ಅನುಮಾನವಿದೆ ಎಂದು ಬರೆದರು. ತಮ್ಮ ಮೇಜಿಗೆ ಬರುವಷ್ಟರಲ್ಲಿ ಸಂಖ್ಯೆ ಅಳಿಸಲಾಗಿದೆ ಎಂದೇ ಆಗಿತ್ತು. ನಮ್ಮಮ್ಮನ ಅರಿಶಿನ ಕುಂಕುಮ ಮೂರು ಮೇಜು ದಾಟಿ ಕಳ್ಳತನವಾಯಿತು.

ಇನ್ನೊಂದು ಸಂಗತಿ. ಎಂಜಿನ್ ಯಾರು ಕೂರಿಸಿದ್ದು ಎಂದು ಕೇಳಿದರು. ನಾನೇ ಎಂದೆ. ಅದಲ್ಲಮ್ಮ, ಮೆಕ್ಯಾನಿಕ್ ಯಾರು ಎಂದರು. ನಾನೇ ಎಂದೆ. ಅವರು ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿ, ನೀವಾದರೂ ಹೇಳಿ ಸಾರ್ ಎಂದರು. ನಮ್ಮಪ್ಪ ಶಶಿಧರ್ ಸಂಕೋಚದ ಮನುಷ್ಯ. ತಾನು ಸ್ಪ್ಯಾನರ್ ಎತ್ತಿ ಕೊಡುತ್ತಿದ್ದೆ, ಅದರಲ್ಲೂ ಎರಡು ಸಲ ತಪ್ಪಾದದ್ದು ಕೊಟ್ಟೆ ಎಂದು ಒಪ್ಪಿಕೊಂಡ. ಅದೂ ವರದಿಯಲ್ಲಿ ಬಂತು: ಕೆಲಸ ಮಾಡಿದವರ ಬಗ್ಗೆ ಸಮಾಧಾನಕರ ಉತ್ತರವಿಲ್ಲ. ನನ್ನ ಉತ್ತರದಿಂದ ಸಮಾಧಾನ ಆಗಲು ನಾನು ಇನ್ನೇನು ಆಗಬೇಕಿತ್ತು, ಮೀಸೆ ಬಿಡಬೇಕಿತ್ತೇ?

ಮಾರನೆಯ ದಿನ ಅರಿಶಿನ ಒರೆಸಿ, ಸಂಖ್ಯೆ ಫಳಫಳ ಹೊಳೆಯುವ ಫೋಟೋ ತೆಗೆದು, ತಮ್ಮ ಕಚೇರಿಗೆ ಓಡಿ ಬಂದೆ. ಫೋಟೋ ನಡೆಯುವುದಿಲ್ಲವಂತೆ, ಮರು ತಪಾಸಣೆ ಆಗಬೇಕಂತೆ. ಮರು ತಪಾಸಣೆಗೆ ಕಾರು ಲಾರಿ ಮೇಲೆ ಬರಕೂಡದು. ರಸ್ತೆಯಲ್ಲಿ ಓಡಿಸಿಕೊಂಡೇ ಬರಬೇಕು, ಓಟವನ್ನೂ ನೋಡಬೇಕು. ರಸ್ತೆಯಲ್ಲಿ ಓಡಿಸಲು ತಮ್ಮ ಅನುಮತಿ ಬೇಕು. ಅನುಮತಿಗೆ ಮರು ತಪಾಸಣೆ ಆಗಿರಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಕಟ್ಟಿದವರು ತಮ್ಮ ಕಚೇರಿಗೆ ಬಂದು ಹೋದವರೇ ಇರಬೇಕು. ಇದನ್ನು ಗುಮಾಸ್ತರಿಗೆ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ನೀವು ಹೇಳೋದು ಸರಿ ಮೇಡಂ ಎಂದು ಮುಂದಿನವರನ್ನು ಕರೆದರು.

ಹೊರಗೆ ಬೇವಿನ ಮರದ ಕೆಳಗೆ ಒಬ್ಬ ಏಜೆಂಟ್ ಇದ್ದ. ನನ್ನ ಮುಖ ನೋಡಿಯೇ ಕಥೆ ತಿಳಿದುಕೊಂಡ. "ಹಳೇ ನಂಬರ್ನೇ ಹೊಸ ಎಂಜಿನ್ ಮೇಲೆ ಹೊಡ್ಸಿಬಿಡಿ ಅಕ್ಕ, ಬಾನೆಟ್ ಎತ್ತಿ ಯಾರ್ ನೋಡ್ತಾರೆ? ಕೇಳೋಕೆ ಹೋಗಿದ್ದೇ ನಿಮ್ ತಪ್ಪು," ಎಂದ. ಮಾನ್ಯರೇ, ತಮ್ಮ ಇಲಾಖೆಯ ಬಗ್ಗೆ ಅವನಿಗೆ ಇರುವಷ್ಟು ತಿಳಿವಳಿಕೆ ನನಗಿರಲಿಲ್ಲ. ರಿಂಗ್ ರಸ್ತೆಯಲ್ಲಿ ಸೈಲೆನ್ಸರ್ ಕಿತ್ತುಹಾಕಿ ಊರು ಎಬ್ಬಿಸುವ ಬೈಕುಗಳಲ್ಲಿ ಎಷ್ಟು ತಮ್ಮ ಅನುಮತಿ ಕೇಳಿವೆ? ಕೇಳದವರು ಓಡಾಡುತ್ತಿದ್ದಾರೆ, ಕೇಳಿದವಳು ಕೊಟ್ಟಿಗೆಯಲ್ಲಿ ಕೂತಿದ್ದಾಳೆ. ಮನೆಗೆ ಬಂದು ಅವನು ಹೇಳಿದ್ದನ್ನು ಅಜ್ಜಿಗೆ ಹೇಳಿದೆ. ಆಸೆ ನನಗೂ ಆಗಿತ್ತು. ದೇವರ ಕೆಲಸಕ್ಕೆ ಕಳ್ಳ ನಂಬರ್ ಬೇಡ ಎಂದು ಅಜ್ಜಿ ಅಲ್ಲಿಗೇ ಮಾತು ಮುಗಿಸಿದಳು.

ಆಗ ಲಿಖಿತ್‌ಗೆ ಒಂದು ಉಪಾಯ ಹೊಳೆಯಿತು. ರಸ್ತೆಯಲ್ಲಿ ಓಡಿಸಿದರೆ ತಾನೆ ತಪ್ಪು? ಕಾರನ್ನು ಟೋಯಿಂಗ್ ಲಾರಿಯ ಮೇಲೆ ನಿಲ್ಲಿಸಿ, ಒಳಗೆ ಮನೆಮಂದಿಯೆಲ್ಲ ಕೂತು ಬೆಟ್ಟ ಹತ್ತಿದರೆ ಯಾರೂ ಇಳಿದ ಹಾಗಾಗಲಿಲ್ಲ, ಹರಕೆಯೂ ತೀರಿತು, ಕಾನೂನೂ ಉಳಿಯಿತು ಎಂದ. ಲಾರಿಯ ಮೇಲಿನ ಕಾರಿನಲ್ಲಿ ಜನ ಕೂರುವುದೂ ತಪ್ಪೇ ಎಂದು ತಾವು ಹೇಳಬಹುದು. ಹೇಳಿ, ತಮ್ಮ ಬಳಿ 'ಇಲ್ಲ' ಎನ್ನುವ ಮಾತಿಗೆ ಎಂದೂ ಕೊರತೆಯಿಲ್ಲ. ಬೆಟ್ಟದ ಬುಡಕ್ಕೆ ಬಸ್ಸಿನಲ್ಲಿ ಹೋದೆವು. ಅಲ್ಲಿ ಲಾರಿ ತಯಾರಿತ್ತು, ಮೇಲೆ ಕಾರಿತ್ತು. ಏಣಿ ಇಟ್ಟು ಅಜ್ಜಿಯನ್ನು ಹತ್ತಿಸಲು ಹೋದೆವು. ಅವಳು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟವಳು ತೆಗೆದುಬಿಟ್ಟಳು. "ಹೊತ್ಕಂಡ್ ಹೋದ್ರೆ ಹತ್ದಂಗಾಯ್ತಾ ಮಗಾ?" ಎಂದಳು. "ಹೆಣಾನೂ ಹೊತ್ಕಂಡೇ ಹೋಗದು." ಲಾರಿಯವನು ಏಣಿ ತೆಗೆದಿಟ್ಟ. ನಾವು ಮತ್ತೆ ಬಸ್ಸು ಹಿಡಿದು ಜರಗನಹಳ್ಳಿಗೆ ಬಂದೆವು.

ತಮ್ಮ ಮೇಲೆ ನನಗೆ ವೈಯಕ್ತಿಕ ದ್ವೇಷವಿಲ್ಲ. ಕೊಟ್ಟಿಗೆಯಲ್ಲಿ ಯಾರೋ ಎಂಜಿನ್ ಬದಲಾಯಿಸಿ ರಸ್ತೆಗೆ ಬಿಟ್ಟರೆ ನಾಳೆ ಯಾರ ಮಗುವಿಗೆ ಏನಾಗುತ್ತದೋ ಎಂಬ ಆತಂಕ ತಮಗೆ ಇರಬೇಕಾದದ್ದೇ. ಇಲ್ಲದಿದ್ದರೆ ನಾನೇ ತಮ್ಮ ವಿರುದ್ಧ ಬೇರೆ ಪತ್ರ ಬರೆಯುತ್ತಿದ್ದೆ. ಆದ್ದರಿಂದಲೇ ತಾನೆ ನೋಡಿ ಎಂದು ಕೇಳುತ್ತಿರುವುದು? ಬ್ರೇಕು ತುಳಿದು ನೋಡಿ, ಬೆಸುಗೆಗೆ ಸುತ್ತಿಗೆ ಹೊಡೆದು ನೋಡಿ, ತಪ್ಪಿದ್ದರೆ ತೋರಿಸಿ, ಬಿಚ್ಚಿ ಮತ್ತೆ ಮಾಡುತ್ತೇನೆ. ನೋಡುವುದೂ ಇಲ್ಲ, ಬಿಡುವುದೂ ಇಲ್ಲ ಎಂದರೆ ಅದಕ್ಕೆ ಸುರಕ್ಷತೆ ಎಂದು ಹೆಸರಿಡಬೇಡಿ. ಅದಕ್ಕೆ ಸೋಮಾರಿತನ ಎಂಬ ಹಳೆಯ ಕನ್ನಡ ಪದವೊಂದಿದೆ.

ಈ ಪತ್ರವನ್ನು ಬರೆಯಬೇಕೋ ಬೇಡವೋ ಎಂದು ನಾನು ಹಿಂದೆ ಮುಂದೆ ನೋಡುತ್ತಿದ್ದೆ. ಹೋದ ವಾರ ಅಜ್ಜಿ ಕೊಟ್ಟಿಗೆಗೆ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ನಾನು ಮುಂದೆ ಕೂತಿದ್ದೆ. ಆಫೀಸಿನವರು ಏನಂದರು ಎಂದು ಕೇಳಿದಳು. ಏನೂ ಅನ್ನಲಿಲ್ಲ ಎಂದೆ. ಆಮೇಲೆ ಮೆತ್ತಗೆ ಹೇಳಿದಳು.

"ಅವ್ರು ಒಲ್ಲೆ ಅಂದ್ರೆ ಬುಡು ಕಣಮ್ಮಿ. ಹಳೇ ಎಂಜಿನ್ನೇ ಕೂರ್ಸು. ಅದಕ್ಕೆ ಯಾರೂ ಬ್ಯಾಡ ಅನ್ನಕ್ಕಿಲ್ವಲ್ಲ. ತಿರುವ್ನಾಗೆ ನಿಂತ್ರೆ ನಾನೇ ಇಳ್ದು ತಳ್ತೀನಿ. ಹರಕೆ ತೀರ್ದಿದ್ರೂ ಹೋಗ್ಲಿ, ಸಾಯಕ್ ಮುಂಚೆ ಒಂದ್ಸಲ ಸ್ವಾಮಿ ಮೊಕ ನೋಡ್ಕಂಡ್ ಬತ್ತೀನಿ."

ಮಾನ್ಯರೇ, ಅಜ್ಜಿ ಹೇಳಿದ್ದು ಕಾನೂನಿನ ಪ್ರಕಾರ ಸರಿಯಾಗಿದೆ. ನಾನು ನಿಯಮಗಳನ್ನೆಲ್ಲ ಓದಿ ನೋಡಿದೆ. ಹಳೆಯ ಎಂಜಿನ್ ಹಾಕಿದರೆ ತಮ್ಮ ಆಕ್ಷೇಪ ಇರುವುದಿಲ್ಲ. ಅದು ಅರ್ಧ ಬೆಟ್ಟದಲ್ಲಿ ನಿಂತರೂ ಇರುವುದಿಲ್ಲ. ಎಂಬತ್ತು ದಾಟಿದ, ಮಂಡಿ ಹೋದ ಹೆಂಗಸು ಅದನ್ನು ಹಿಂದಿನಿಂದ ತಳ್ಳುವುದಕ್ಕೆ ಯಾವ ಪೂರ್ವಾನುಮತಿಯೂ ಬೇಕಿಲ್ಲ.

ಮಾರುಕಟ್ಟೆಗೆ ಅವರೆ ಬರಲು ಶುರುವಾಗಿದೆ. ನಾನು ಇನ್ನು ಅರ್ಜಿ ಹಾಕುವುದಿಲ್ಲ. ಸಂಕ್ರಾಂತಿಗೆ ಹಿಂದಿನ ಭಾನುವಾರ ಬೆಳಗ್ಗೆ ನಾವು ಬೆಟ್ಟಕ್ಕೆ ಹೊರಡುತ್ತೇವೆ. ಅಷ್ಟರೊಳಗೆ ಜರಗನಹಳ್ಳಿಗೆ ಬಂದು ಕಾರು ನೋಡಿ, ಅನುಮತಿ ಕೊಡಿ, ಅಥವಾ ಯಾಕೆ ಕೊಡುವುದಿಲ್ಲ ಎಂದು ಎಂಜಿನ್ ಮುಂದೆ ನಿಂತು ಹೇಳಿ. ಎರಡೂ ಆಗದಿದ್ದರೆ ಕೊಟ್ಟಿಗೆಯಲ್ಲಿ ಮತ್ತೆ ಚೈನ್ ಪುಲ್ಲಿ ಕಟ್ಟಿ, ಕಾನೂನಿಗೆ ಒಪ್ಪುವ ಹಳೆಯ ಎಂಜಿನ್ನನ್ನೇ ಕೂರಿಸುತ್ತೇನೆ. ಆಗ ತಾವು ಆ ಭಾನುವಾರ ಬೆಟ್ಟದ ತಿರುವಿಗೆ ಬರಬೇಕು. ಅಲ್ಲಿ ನಮ್ಮಜ್ಜಿ ಕಾರು ತಳ್ಳುತ್ತಿರುತ್ತಾಳೆ. ಅವಳ ಎಡಕ್ಕೆ ನಾನಿರುತ್ತೇನೆ, ಬಲಗಡೆ ಜಾಗ ಬಿಟ್ಟಿರುತ್ತೇವೆ. ಅಧಿಕಾರದ ಕೈ ಎನ್ನುತ್ತಾರಲ್ಲ, ಅದನ್ನು ಅಲ್ಲಿ ಇಟ್ಟು ತಳ್ಳಿ.

ಇಂತಿ,
ಸಮಾಧಾನಕರ ಉತ್ತರವಲ್ಲದ ಮೆಕ್ಯಾನಿಕ್,
ಸೊಣ್ಣಮ್ಮನ ಮೊಮ್ಮಗಳು ಅರ್ಪಿತ
ದನದ ಕೊಟ್ಟಿಗೆ, ಜರಗನಹಳ್ಳಿ